ಬಲಗಡೆಯ ಚಕ್ರ

ಅಂದು ಬೆಳಗಿನಿಂದಲೇ ಒಣಗಾಳಿ ಬೀಸುತ್ತಿತ್ತು. ಮೋಡವಿಲ್ಲ, ಮಂಜಿಲ್ಲ; ಆಕಾಶ ಒಗೆದು ಹಿಂಡಿ ಹರವಿದ ಬಟ್ಟೆಯ ಹಾಗೆ ಖಾಲಿಯಾಗಿತ್ತು. ಮನೆಯ ಹಿಂದಿನ ಶೆಡ್ಡಿನ ತಗಡಿನ ಬಾಗಿಲು ಗಾಳಿಗೆ ಹೊಡೆದುಕೊಳ್ಳುತ್ತಿತ್ತು, ಸುಮ್ಮನಾಗುತ್ತಿತ್ತು, ಮತ್ತೆ ಹೊಡೆದುಕೊಳ್ಳುತ್ತಿತ್ತು. ಯಾರೂ ಎದ್ದು ಬಂದು ಚಿಲಕ ಹಾಕಲಿಲ್ಲ. ಸಾವು ಬಂದುಹೋದ ಮನೆಯಲ್ಲಿ ಇಂಥ ಸಣ್ಣ ಕೆಲಸಗಳೇ ಮೊದಲು ಅನಾಥವಾಗುತ್ತವೆ.

ಬ್ರೇಕ್ ಇನ್‌ಸ್ಪೆಕ್ಟರು ಗೋಣಿಚೀಲ ಹಾಸಿಕೊಂಡು ಕಾರಿನ ಮುಂದೆ ಮಂಡಿಯೂರಿದರು. ವಾಹನ ತಪಾಸಣೆಯ ಕೆಲಸದಿಂದ ನಿವೃತ್ತರಾಗಿ ಆರು ವರ್ಷವಾದರೂ ಆ ಹೆಸರಿಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ. ಕಾರನ್ನು ಮುಟ್ಟುವ ಮೊದಲು ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿದ್ದರು. ಸತ್ತವನ ಕೈಕೆಲಸವನ್ನು ಹೇಳದೆ ಕೇಳದೆ ಬಿಚ್ಚಬಾರದು, ಅಪ್ಪಣೆ ಕೇಳಬೇಕು, ಕೊಡುವವನು ಮೇಲಿದ್ದಾನೆ ಎಂಬುದು ಅವರ ನಂಬಿಕೆ.

ಕಾರು ಎರಡೇ ಸೀಟಿನದು. ನೆಲಕ್ಕಂಟಿದ ಮೈ, ಉದ್ದನೆಯ ಮೂತಿ, ಸೈಕಲ್ಲಿನ ಹಾಗೆ ಕಡ್ಡಿಕಡ್ಡಿಯ ಚಕ್ರಗಳು. ಎಂದೋ ಪಂದ್ಯಗಳಲ್ಲಿ ಓಡಿದ್ದ ಆ ಹಳೇ ಗಾಡಿಯನ್ನು ಈ ಮನೆಯ ಯಜಮಾನ ಗುಜರಿಯಿಂದ ತಂದು, ಇದೇ ಶೆಡ್ಡಿನಲ್ಲಿ ಹನ್ನೊಂದು ವರ್ಷ ಕೂತು, ಒಂದೊಂದೇ ಬೋಲ್ಟು ಬಿಚ್ಚಿ ತೊಳೆದು ಮತ್ತೆ ಕೂಡಿಸಿದ್ದರು. ಲೇತ್ ಕೆಲಸದವರಾದ್ದರಿಂದ ಊರಿಗೆಲ್ಲ ಅವರು ಮೇಸ್ತ್ರಿ. ನಲವತ್ತೊಂದು ದಿನದ ಹಿಂದೆ ಕಾರನ್ನು ಮೊದಲ ಸಲ ರಸ್ತೆಗೆ ಇಳಿಸಿದರು. ಮೂರು ಮೈಲಿ ಹೋಗಿ ಸೇತುವೆಯ ತಿರುವಿನಲ್ಲಿ ಮುಂದಿನ ಬಲಗಡೆಯ ಚಕ್ರ ಕಳಚಿ ಓಡಿತು. ಮೇಸ್ತ್ರಿ ಮನೆಗೆ ಬರಲಿಲ್ಲ.

ಠಾಣೆಯ ಅಂಗಳದಲ್ಲಿ ಬಿದ್ದಿದ್ದ ಕಾರು ನಿನ್ನೆ ಮನೆಗೆ ಬಂದಿತ್ತು. ಇವತ್ತು ಹನ್ನೊಂದು ಗಂಟೆಗೆ ಠಾಣೆಯವರೇ ಬರುವವರಿದ್ದರು. ಮೇಸ್ತ್ರಿಯ ತಮ್ಮ, ಶಾಲೆಯೊಂದರ ಗುಮಾಸ್ತ, ತಪ್ಪೊಪ್ಪಿಗೆ ಬರೆದಿಟ್ಟಿದ್ದ. ಅದಕ್ಕೆ ಅವರೆದುರಿಗೆ ರುಜು ಹಾಕಿಬಿಟ್ಟರೆ ಕೆಲಸ ಹೋಗುತ್ತದೆ, ಜೈಲೂ ಆಗುತ್ತದೆ.

ಅದಕ್ಕೆ ಮೊದಲು ಒಮ್ಮೆ ಕಾರು ನೋಡಿಬಿಡಬೇಕೆಂದು ಇನ್‌ಸ್ಪೆಕ್ಟರು ತಾವಾಗಿಯೇ ಬಂದಿದ್ದರು. ಗಂಟೆ ಆಗಲೇ ಹತ್ತೂವರೆ.

"ಓದಲಾ?" ಎಂದರು ಇನ್‌ಸ್ಪೆಕ್ಟರು.

"ಓದಿದ್ದೀರಲ್ಲ ಸಾರ್," ಎಂದ ಗುಮಾಸ್ತ. ಮಲಗಿಸಿಟ್ಟ ಟೈರಿನ ಮೇಲೆ ಕೈಕಟ್ಟಿ ಕೂತಿದ್ದ. ಗಡ್ಡ ಬೆಳೆದಿತ್ತು.

"ಅಕ್ಷರ ಮುತ್ತಿನ ಹಾಗಿದೆ ಮಾರಾಯ. ಎರಡು ಪುಟದಲ್ಲಿ ಒಂದು ಚಿತ್ತು ಕಾಟು ಇಲ್ಲ. ಸುಳ್ಳು ಬರೆಯೋವಾಗ ಜನ ಇಷ್ಟು ನೀಟಾಗಿ ಬರೀತಾರೆ."

ಗುಮಾಸ್ತ ಬಾಗಿಲ ಕಡೆ ಮುಖ ತಿರುಗಿಸಿದ.

ಬಾಗಿಲ ಹೊರಗೆ ನೆರಳಲ್ಲಿ ಬಣ್ಣದವರು ಒಬ್ಬರೇ ಕೂತಿದ್ದರು. ಕಾರಿಗೆ ಬಣ್ಣ ಹೊಡೆದವರು, ಮೇಸ್ತ್ರಿಯ ಇಪ್ಪತ್ತು ವರ್ಷದ ಸ್ನೇಹಿತರು. ಸಾವಾದಂದಿನಿಂದ ದಿನಾ ಬೆಳಿಗ್ಗೆ ಬಂದು, ಯಾರ ಹತ್ತಿರವೂ ಮಾತಾಡದೆ, ಒಂದು ಖಾಲಿ ಡಬ್ಬಿಯ ಅಂಚಿಗಂಟಿದ ಬಣ್ಣ ಕೆರೆಯುತ್ತ ಕೂರುತ್ತಿದ್ದರು. ಮಧ್ಯಾಹ್ನವಾದರೆ ಎದ್ದು ಹೋಗುತ್ತಿದ್ದರು. ಆ ಡಬ್ಬಿಯಲ್ಲಿ ಕೆರೆಯಲು ಏನು ಉಳಿದಿತ್ತೋ ದೇವರಿಗೇ ಗೊತ್ತು.

"ನೀನು ಬರೆದಿರೋದು ಇಷ್ಟು," ಎಂದರು ಇನ್‌ಸ್ಪೆಕ್ಟರು. "ಆವತ್ತು ಬೆಳಿಗ್ಗೆ ಚಕ್ರ ಹಾಕೋ ಕೆಲಸ ಅಣ್ಣ ನಿನಗೆ ಬಿಟ್ಟರು. ನೀನು ಬಲಗಡೆ ಚಕ್ರದ ನಟ್ಟನ್ನು ಕೈಯಲ್ಲಿ ತಿರುಗಿಸಿ ಬಿಟ್ಟೆ, ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಲಿಲ್ಲ, ಮರೆತೆ. ಅಷ್ಟೇ ತಾನೆ?"

"ಅಷ್ಟೇ."

"ಇದೇ ಆ ನಟ್ಟು."

ಜೋಳಿಗೆಯಿಂದ ಅದನ್ನು ತೆಗೆದು ನೆಲದ ಮೇಲಿಟ್ಟರು. ಅಂಗೈ ಅಗಲದ ದಪ್ಪ ನಟ್ಟು. ಅದಕ್ಕೆ ಅಕ್ಕಪಕ್ಕ ಎರಡು ಕಿವಿ. ಈ ಜಾತಿಯ ಗಾಡಿಗಳಲ್ಲಿ ಚಕ್ರಕ್ಕೆ ನಾಲ್ಕೈದು ಬೋಲ್ಟು ಇರುವುದಿಲ್ಲ. ನಡುವೆ ಇಂಥದ್ದು ಒಂದೇ. ಕಿವಿಗೆ ಸೀಸದ ಸುತ್ತಿಗೆಯಿಂದ ಹೊಡೆದೇ ಬಿಗಿಮಾಡಬೇಕು.

"ಹಳ್ಳದಲ್ಲಿ ಹುಡುಕಿ ತಂದೆ. ಕಿವಿ ನೋಡು. ಬೂದು ಬಣ್ಣದ ಗೀರು ಕಾಣುತ್ತಾ? ಸೀಸ ಅದು. ಮೂರು ಏಟು, ಚೆನ್ನಾಗಿಯೇ ಬಿದ್ದಿದೆ. ಹೊಡೆದಿದ್ದೀಯ ನೀನು. ಹೊಡೆದಿಲ್ಲ ಅಂತ ಯಾಕೆ ಬರೆದೆ?"

ಗಾಳಿಗೆ ಬಾಗಿಲು ಇನ್ನೊಂದು ಸಲ ಬಡಿಯಿತು.

"ಎಡಗಡೆ ನಟ್ಟೂ ನೋಡಿದೆ. ಅದು ಬಿದ್ದಿಲ್ಲ, ಆದರೆ ಎರಡು ಸುತ್ತು ಸಡಿಲ ಆಗಿದೆ. ಅದನ್ನೂ ಹೊಡೆಯೋಕೆ ಮರೆತೆಯಾ? ಅದರ ಕಿವಿ ಮೇಲೂ ಸೀಸ ಇದೆಯಲ್ಲಪ್ಪ."

"ಸಾರ್, ನಾನು ಒಪ್ಪಿಕೊಂಡಿದ್ದೀನಿ. ಒಪ್ಪಿಕೊಂಡವನನ್ನ ಬಿಟ್ಟು ನೀವು ನಟ್ಟನ್ನ ಯಾಕೆ ವಿಚಾರಿಸ್ತೀರಿ?"

"ನಟ್ಟು ಸುಳ್ಳು ಹೇಳಲ್ಲ, ಅದಕ್ಕೆ."

ಇನ್‌ಸ್ಪೆಕ್ಟರು ಆ ನಟ್ಟನ್ನು ಎತ್ತಿಕೊಂಡು ಬಲಗಡೆಯ ಹಬ್ಬಿಗೆ ಹಿಡಿದರು. ಹಬ್ಬು ಎಂದರೆ ಚಕ್ರ ಕೂರುವ ಉಕ್ಕಿನ ತಲೆ. ಅದರ ಮೇಲೆ ಸುರುಳಿಯಾಗಿ ಕೊರೆದ ಥ್ರೆಡ್ಡಿಗೇ ಕಿವಿನಟ್ಟು ಕೂರುವುದು. ಅವರು ನಿಧಾನವಾಗಿ ಬಲಕ್ಕೆ ತಿರುಗಿಸಿದರು. ನಟ್ಟು ಬೆಣ್ಣೆಯ ಹಾಗೆ ಒಳಗೆ ಹೋಯಿತು.

"ಬಲಕ್ಕೆ ತಿರುಗಿತು ನೋಡು," ಎಂದರು ಮೆಲ್ಲಗೆ. "ಬಲಗಡೆ ಚಕ್ರದ ನಟ್ಟು ಎಡಕ್ಕೆ ತಿರುಗಬೇಕು. ಎಡಗಡೆಯದು ಬಲಕ್ಕೆ. ಉಲ್ಟಾ ಥ್ರೆಡ್ ಯಾಕಿಟ್ಟಿದ್ದಾರೆ ಗೊತ್ತಾ? ಸರಿಯಾದ ಕಡೆ ಕೂತರೆ ಕಾರು ಓಡಿದಷ್ಟೂ ನಟ್ಟು ತಾನಾಗೇ ಬಿಗಿಯಾಗುತ್ತೆ. ಅದಲು ಬದಲಾದರೆ ಓಡಿದಷ್ಟೂ ಸಡಿಲ. ನೀನಲ್ಲ, ನಾಲ್ಕು ಜನ ಪೈಲ್ವಾನರು ಸುತ್ತಿಗೆ ಹೊಡೆದಿದ್ದರೂ ಸೇತುವೆ ಹತ್ತಿರ ಅದು ಬೀಳ್ತಿತ್ತು."

ಹೊರಗೆ ಡಬ್ಬಿ ಕೆರೆಯುವ ಸದ್ದು ನಿಂತಿತು.

"ಈ ಕಾರಿನಲ್ಲಿ ಎಡದ ಹಬ್ಬು ಬಲಕ್ಕೆ ಕೂತಿದೆ, ಬಲದ್ದು ಎಡಕ್ಕೆ. ಇದು ನಿನಗೆ ಗೊತ್ತು. ಅಪಘಾತ ಆದಮೇಲೆ ತಿಳೀತು, ಅಲ್ಲವಾ?"

ಐವತ್ತು ದಾಟಿದ ಗಂಡಸು ಅಳು ತಡೆಯಲು ಹೋದಾಗ ಮುಖ ಮಗುವಿನದಾಗಿಬಿಡುತ್ತದೆ. ಇನ್‌ಸ್ಪೆಕ್ಟರು ಮುಖ ತಿರುಗಿಸಿ, ಕಾಣದವರ ಹಾಗೆ ಕನ್ನಡಕ ಒರೆಸಿಕೊಂಡರು.

"ಮೆಲ್ಲಗೆ ಮಾತಾಡಿ ಸಾರ್," ಎಂದ ಅವನು. "ಅತ್ತಿಗೆಗೆ ಕೇಳಿಸುತ್ತೆ."

"ಕೇಳಿಸಿದರೆ?"

"ಕೇಳಿಸಬಾರದು. ಅದಕ್ಕೇ ತಾನೆ ನಾನು ಅದನ್ನ ಬರೆದಿದ್ದು."

ಆಮೇಲೆ ಅವನು ಹೇಳಿದ. ಬಾವಿಗೆ ಬಿದ್ದ ಕೊಡವನ್ನು ಎತ್ತುವ ಹಾಗೆ, ಒಂದೊಂದೇ ಮಾತು, ನಡುನಡುವೆ ಜಾರಿ.

ಅಣ್ಣನಿಗೆ ಒಂದು ಪದ್ಧತಿ ಇತ್ತು. ಬಿಚ್ಚಿದ ಸಾಮಾನು ಬಲಗಡೆಯದಾದರೆ ಕೆಂಪು ದಾರ, ಎಡಗಡೆಯದಾದರೆ ಬಿಳಿ ದಾರ ಕಟ್ಟಿ ಮೊಳೆಗೆ ನೇತುಹಾಕುವರು. ಹನ್ನೊಂದು ವರ್ಷದಲ್ಲಿ ದಾರಗಳೆಲ್ಲ ಗ್ರೀಸು ಕುಡಿದು ಒಂದೇ ಕಪ್ಪಾಗಿದ್ದವು. ಅವರಿಗೆ ಮಾತ್ರ ಗೊತ್ತಾಗುತ್ತಿತ್ತು, ಮೂಸಿ ನೋಡಿ ಹೇಳುತ್ತಾರೇನೋ ಎಂದು ಮನೆಯವರು ನಗುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಅಣ್ಣ ಯಾವುದೋ ಕೆಲಸಕ್ಕೆ ಪರಸ್ಥಳಕ್ಕೆ ಹೋಗಿದ್ದ ದಿನ ಅತ್ತಿಗೆ ಹಬ್ಬು, ನಟ್ಟು ಅಂತ ಈ ಸಾಮಾನನ್ನೆಲ್ಲ ಇಳಿಸಿದರು. ಗಂಡನಿಗೆ ಖುಷಿಯಾಗಲಿ ಅಂತ ಸೀಮೆಎಣ್ಣೆಯಲ್ಲಿ ತೊಳೆದು, ಹಳೇ ದುಪ್ಪಟಿ ಮೇಲೆ ಒಣಗಿಸಿ, ತಮ್ಮ ಹೊಲಿಗೆಪೆಟ್ಟಿಗೆಯಿಂದ ಹೊಸ ದಾರ ತೆಗೆದು ಕಟ್ಟಿದರು.

"ನಾನು ಆವತ್ತು ಬಂದೆ ಸಾರ್. 'ಇದು ಕೆಂಪೋ ಬಿಳಿಯೋ ನೋಡಪ್ಪ' ಅಂತ ಒಂದು ಹಬ್ಬನ್ನ ನನ್ನ ಕೈಗೆ ಕೊಟ್ಟರು. ನನಗೇನು ಗೊತ್ತು? ನಗಾಡಿಕೊಂಡು, 'ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಬಿಳಿ ಕಟ್ಟಿ ಅತ್ತಿಗೆ, ಅಣ್ಣನಿಗೆ ಏನು ತಿಳಿಯುತ್ತೆ' ಅಂದೆ. ತಮಾಷೆಗೆ ಅಂದೆ."

"ಮುಂದೆ?"

"ಆ ಬೆಳಿಗ್ಗೆ ಚಕ್ರ ಹಾಕೋವಾಗ ಕೆಂಪು ದಾರದ ನಟ್ಟು ಬಲಗಡೆ ಹತ್ತಲಿಲ್ಲ. ಎಷ್ಟು ತಿರುಗಿಸಿದರೂ ಹತ್ತಲಿಲ್ಲ. ಬಿಳಿ ದಾರದ್ದು ತಗೊಂಡೆ, ಸಲೀಸಾಗಿ ಕೂತಿತು. ಓಹೋ, ಅತ್ತಿಗೆ ನಟ್ಟಿನ ದಾರ ತಪ್ಪು ಕಟ್ಟಿದ್ದಾರೆ ಅಂದುಕೊಂಡೆ. ಅಣ್ಣನ್ನ ಕರೆದಿದ್ದರೆ ಒಂದೇ ನೋಟಕ್ಕೆ ಹಿಡೀತಿದ್ದರು. ಕರೆಯಲಿಲ್ಲ."

"ಯಾಕೆ?"

"ಆವತ್ತು ಅವರಿಬ್ಬರೂ ಅಷ್ಟು ಸಂತೋಷವಾಗಿದ್ದರು ಸಾರ್. ಅತ್ತಿಗೆ ತಾವೇ ಹೊಲಿದ ಹೊಸ ಅಂಗಿ ಹಾಕಿಸಿ, ಗುಂಡಿ ಹಾಕ್ತಾ ನಿಂತಿದ್ದರು. ಇಂಥ ಹೊತ್ತಲ್ಲಿ 'ನಿನ್ನ ಹೆಂಡತಿ ತಪ್ಪು ದಾರ ಕಟ್ಟಿದ್ದಾಳೆ' ಅಂತ ಯಾಕೆ ಹೇಳಲಿ ಅಂತ ನಾನೇ ನಟ್ಟು ಬದಲಾಯಿಸಿ, ದಾರ ಬಿಚ್ಚಿ ಜೇಬಿಗೆ ಹಾಕ್ಕೊಂಡೆ. ಅವರ ಮಾನ ಕಾಪಾಡಿದೆ ಅಂದುಕೊಂಡೆ."

ಮೂವತ್ತು ವರ್ಷ ಅಪಘಾತಗಳನ್ನು ಕಂಡವರು ಇನ್‌ಸ್ಪೆಕ್ಟರು. ಕುಡಿದವರ, ಸೊಕ್ಕಿದವರ, ನಿದ್ದೆಗೆಟ್ಟವರ ಕೈಯಲ್ಲಿ ಸತ್ತವರನ್ನು ಕಂಡಿದ್ದರು. ಇಷ್ಟು ಪ್ರೀತಿಯ ಕೈಗಳ ನಡುವೆ ಒಬ್ಬ ಸತ್ತದ್ದನ್ನು ಕಂಡಿರಲಿಲ್ಲ.

"ನಟ್ಟಿನ ದಾರ ಸರಿಯೇ ಇತ್ತು ಸಾರ್. ತಪ್ಪಿದ್ದು ಹಬ್ಬಿನ ದಾರ. ಅದು ನನಗೆ ಹೊಳೆದದ್ದು ಅಣ್ಣನ್ನ ಮಣ್ಣುಮಾಡಿ ಬಂದ ಸಂಜೆ." ಅವನು ಕೈ ಮುಗಿದ. "ನಲವತ್ತೊಂದು ದಿನದಿಂದ ಅತ್ತಿಗೆ ನನ್ನ ಹತ್ತಿರ ಮಾತಾಡಿಲ್ಲ. ಪರವಾಗಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಬದುಕಿಯಾರು. ತನ್ನ ಕೈಯಿಂದಲೇ ಹೀಗಾಯಿತು ಅಂತ ಗೊತ್ತಾದರೆ ಬದುಕಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಆ ಕಾಗದಕ್ಕೆ ರುಜು ಹಾಕೋಕೆ ಬಿಡಿ."

"ಯಾರಪ್ಪ ನಿನಗೆ ಹೇಳಿದ್ದು, ನಾನು ಬದುಕಲ್ಲ ಅಂತ?"

ಒಳಬಾಗಿಲಲ್ಲಿ ಮೇಸ್ತ್ರಿಯ ಹೆಂಡತಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಹೊಲಿಗೆಯವರ ಅಭ್ಯಾಸದಂತೆ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಗಿರಾಕಿ ಇಲ್ಲದ ಈ ದಿನಗಳಲ್ಲೂ ಅದನ್ನು ತೆಗೆದಿರಲಿಲ್ಲ.

ಗುಮಾಸ್ತ ಧಡಕ್ಕನೆ ಎದ್ದ. "ಅತ್ತಿಗೆ, ಅದು ಹಾಗಲ್ಲ, ನಾವು ಏನೋ…"

"ಕೂತ್ಕೋ." ದನಿ ಏರಲಿಲ್ಲ. "ನಾನು ದಾರ ತಪ್ಪಾಗಿ ಕಟ್ಟಿದ್ದೆ. ನಿಜ."

ಅವನು ಕೂತ.

"ಅವತ್ತು ರಾತ್ರಿ ಬಸ್ಸಿಳಿದು ಬಂದ ನಿಮ್ಮಣ್ಣ ಬೆಳಿಗ್ಗೆ ಎದ್ದು ಶೆಡ್ಡಿಗೆ ಬಂದರು. ಮೊಳೆ ನೋಡಿದರು. ಸಾಮಾನು ನೋಡಿದರು. ಆಮೇಲೆ ಇಲ್ಲೇ, ನೀನು ಕೂತಿರೋ ಜಾಗದಲ್ಲೇ ಕೂತು ನಕ್ಕರು ನೋಡು, ಕಣ್ಣಲ್ಲಿ ನೀರು ಬರೋ ತನಕ. 'ಲೇ, ನನ್ನ ಹನ್ನೊಂದು ವರ್ಷಾನ ಒಂದೇ ಬಕೆಟ್ಟಲ್ಲಿ ತೊಳೆದುಬಿಟ್ಟೆಯಲ್ಲೇ' ಅಂದರು. ನಾನು ಅತ್ತೆ. 'ಅಳಬೇಡ, ಬಾ, ಪಕ್ಕದಲ್ಲಿ ಕೂತ್ಕೋ, ಪಾಠ ಹೇಳಿಕೊಡ್ತೀನಿ' ಅಂದರು."

ಅವರು ಮುಂದೆ ಬಂದು ಕಾರಿನ ಮೂತಿಯ ಮೇಲೆ ಕೈಯಿಟ್ಟರು. ಬಣ್ಣ ಸುಲಿದಿದ್ದ ಜಾಗವನ್ನು ಬೆರಳು ತಾನಾಗಿಯೇ ಬಿಟ್ಟು ಹೋಯಿತು.

"ಒಂದೊಂದು ಹಬ್ಬಿಗೂ ಒಂದೊಂದು ನಟ್ಟು ತಿರುಗಿಸಿ ತೋರಿಸಿದರು. ಬಲಗಡೆಯದು ಎಡಕ್ಕೆ, ಎಡಗಡೆಯದು ಬಲಕ್ಕೆ. ಇನ್‌ಸ್ಪೆಕ್ಟರು ಈಗ ಹೇಳಿದರಲ್ಲ, ಅದೇ ಮಾತು. ದಾರ ಬಿಚ್ಚಿ, ಸರಿಯಾಗಿ ಕಟ್ಟಿ, ಅವತ್ತೇ ಎರಡೂ ಹಬ್ಬನ್ನು ಕಾರಿಗೆ ಹಾಕಿದರು. ಬಲಗಡೆಯದನ್ನು ತಳ್ಳಿ ಕೂರಿಸಿದ್ದು ನಾನೇ. ಸರಿಯಾಗಿತ್ತು. ಅವರು ಎಷ್ಟು ಸಲ ತಿರುಗಿಸಿ ನೋಡಿದರು ಅಂದರೆ, 'ಸಾಕು ಬಿಡಿ, ಇದೇನು ಮಗು ತೊಟ್ಟಿಲಾ' ಅಂದೆ."

ಅವರು ಕಾರಿನಿಂದ ಕೈತೆಗೆದು ತಿರುಗಿದರು.

"ನನ್ನ ಪಾಪ ಅಂತ ನೀನು ಹೊರೋಕೆ ಹೊರಟಿದ್ಯಾ?" ಎಂದರು ಅವರು ಮೈದುನನಿಗೆ. "ಕೇಳಬಾರದಿತ್ತಾ ನನ್ನ? ನೀನು ಸುತ್ತಿಗೆ ಹೊಡೆಯೋಕೆ ಮರೆತೆ ಅಂತ ನೀನೇ ಹೇಳಿದ ಮೇಲೆ ನಾನು ನಂಬಿದೆ. ನಂಬಿ, ನಿನ್ನ ಮುಖ ನೋಡೋಕಾಗದೆ ಒಳಗೆ ಕೂತೆ. ಎಂಥ ಮನೆತನ ಕಣೋ ನಿಮ್ಮದು. ಪ್ರೀತಿ ಇದ್ದರೂ ಬಾಯಿಬಿಟ್ಟು ಆಡಲ್ಲ."

ಗುಮಾಸ್ತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವರು ಅವನ ತಲೆಯ ಮೇಲೆ ಕೈಯಿಟ್ಟರು, ತೆಗೆಯಲಿಲ್ಲ.

ಇನ್‌ಸ್ಪೆಕ್ಟರು ಆ ಎರಡು ಪುಟಗಳನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಇದು ಇವತ್ತು ಠಾಣೆಗೆ ಹೋಗಲ್ಲ. ಆದರೆ ತಾಯಿ, ನೀವು ಈಗ ಹೇಳಿದ್ದರ ಅರ್ಥ ತಿಳೀತಾ? ಸರಿಯಾಗಿ ಕೂತಿದ್ದ ಹಬ್ಬನ್ನು ಆಮೇಲೆ ಯಾರೋ ಬಿಚ್ಚಿದ್ದಾರೆ."

"ಅವರೇ ಬಿಚ್ಚಿ ಹಾಕಿರಬಹುದಲ್ಲ?"

"ಇಲ್ಲ. ಬನ್ನಿ, ಹಿಂದಿನ ಚಕ್ರ ತೋರಿಸ್ತೀನಿ."

ಹಿಂದಿನ ಚಕ್ರವನ್ನು ಅವರು ಆಗಲೇ ಬಿಚ್ಚಿಟ್ಟಿದ್ದರು. ಹಬ್ಬನ್ನು ಹಿಡಿದಿಡುವ ಒಳನಟ್ಟು ತಿರುಗದ ಹಾಗೆ ಅದಕ್ಕೊಂದು ಸ್ಪ್ಲಿಟ್ ಪಿನ್ ತೂರಿಸಿತ್ತು. ಎರಡು ಕಾಲಿನ ಸಣ್ಣ ಪಿನ್ನು. ತೂರಿಸಿ ಕಾಲು ಮಡಚಿಬಿಟ್ಟರೆ ಕೆಲಸವಾಯಿತು. ಇಲ್ಲಿಯದರ ಕಾಲುಗಳನ್ನು ಗಿಡ್ಡಕ್ಕೆ ಕತ್ತರಿಸಿ, ತುದಿ ಉಜ್ಜಿ, ಒಳಕ್ಕೆ ಮಡಚಿ ಮಲಗಿಸಿತ್ತು. ಬೆರಳಾಡಿಸಿದರೆ ಗೊತ್ತೇ ಆಗುವುದಿಲ್ಲ.

"ಒರೆಸೋವಾಗ ನನ್ನ ಕೈಗೆ ಚುಚ್ಚಬಾರದು ಅಂತ," ಎಂದರು ಮೇಸ್ತ್ರಿಯ ಹೆಂಡತಿ.

"ಅವರ ಕೈ ಇದು. ಈಗ ಮುಂದಿನದನ್ನ ನೋಡಿ."

ಮುಂದೆ, ಎರಡೂ ಕಡೆ, ಹೊಸ ಪಿನ್ನು. ಉದ್ದುದ್ದ ಕಾಲುಗಳನ್ನು ಹಾಗೇ ಎರಡು ದಿಕ್ಕಿಗೆ ಬಗ್ಗಿಸಿ ಬಿಟ್ಟಿತ್ತು. ಅವಸರದ ಕೈ. ಎರಡೂ ಕಡೆ ಅದೇ ಕೈ.

"ಒಳಗೆ ಬನ್ನಿ ಬಣ್ಣದವರೇ," ಎಂದರು ಇನ್‌ಸ್ಪೆಕ್ಟರು, ತಿರುಗಿ ನೋಡದೆ. "ನಾನು ಥ್ರೆಡ್ಡಿನ ಮಾತೆತ್ತಿದಾಗಲೇ ನಿಮ್ಮ ಡಬ್ಬಿ ಸದ್ದು ನಿಂತಿತು."

ಬಣ್ಣದವರು ಬಂದರು. ತಲೆ ಬಾಗಿಲಿಗೆ ತಗಲೀತೆಂಬಂತೆ ಬಗ್ಗಿ ಬಂದರು, ಅಷ್ಟೇನೂ ಎತ್ತರದವರಲ್ಲದಿದ್ದರೂ.

"ನಾನೇ ಬಿಚ್ಚಿದ್ದು," ಎಂದರು.

ಗುಮಾಸ್ತ ತಲೆ ಎತ್ತಿದ.

"ಮೇಸ್ತ್ರಿಗಳು ಕಣ್ಣು ತೋರಿಸೋಕೆ ಹೋಗಿದ್ದರಲ್ಲ ಅಕ್ಕ, ನೀವೂ ಜೊತೆಗೆ ಹೋಗಿದ್ದಿರಿ. ಆವತ್ತು ಬಣ್ಣ ಸೋರಿ ಬಲಗಡೆ ಹಬ್ಬಿನ ಮೇಲೆ ಇಳಿದುಬಿಟ್ಟಿತ್ತು. ಇಪ್ಪತ್ತು ವರ್ಷದಲ್ಲಿ ನನ್ನ ಕೈಲಿ ಬಣ್ಣ ಸೋರಿದ್ದಿಲ್ಲ. ನಾಚಿಕೆಯಾಯಿತು. ಅವರು ಬರೋದರೊಳಗೆ ಬಿಚ್ಚಿ, ಒರೆಸಿ, ಮತ್ತೆ ಹಾಕಿಬಿಟ್ಟೆ. ಹೇಳೋಣ ಹೇಳೋಣ ಅಂತ ದಿನ ತಳ್ಳಿದೆ. ಇವತ್ತು ಅವರೇ ಇಲ್ಲ."

"ಅಂದರೆ ನೀವು…" ಎಂದ ಗುಮಾಸ್ತ.

"ನಲವತ್ತೊಂದು ದಿನದಿಂದ ಅದೇ ಯೋಚನೆ. ನಾನು ಸರಿಯಾಗಿ ಹಾಕಲಿಲ್ಲವೇನೋ, ನನ್ನಿಂದಲೇ ಸತ್ತರೇನೋ ಅಂತ. ಥ್ರೆಡ್ಡು ಬೇರೆ ಬೇರೆ ಅನ್ನೋದು ನನಗೆ ಈಗ, ಹೊರಗೆ ಕೂತು ಕೇಳಿದಾಗಲೇ ತಿಳಿದದ್ದು."

ಇನ್‌ಸ್ಪೆಕ್ಟರು ಎಡಗಡೆಯ ಹಬ್ಬನ್ನು ಮತ್ತೊಮ್ಮೆ ಬಗ್ಗಿ ನೋಡಿದರು. ಆಮೇಲೆ ಕೇಳಿದರು, "ಬಲಗಡೆಯದು ಮಾತ್ರ ಬಿಚ್ಚಿದಿರಾ? ಎಡಗಡೆಯದು?"

"ಎಡಗಡೆ ಬಣ್ಣ ಸೋರಿರಲಿಲ್ಲವಲ್ಲ ಸಾರ್. ಅದನ್ನ ಮುಟ್ಟಲೇ ಇಲ್ಲ."

"ದೇವರಾಣೆಗೂ?"

"ಸುಳ್ಳು ಹೇಳಿ ಈ ಬಾಗಿಲಲ್ಲಿ ನಲವತ್ತೊಂದು ದಿನ ಕೂರೋಕಾಗುತ್ತಾ ಸಾರ್?"

"ಒಂದೇ ಹಬ್ಬು ಬಿಚ್ಚಿದವರು ಅದಲು ಬದಲು ಮಾಡೋಕಾಗಲ್ಲ," ಎಂದರು ಇನ್‌ಸ್ಪೆಕ್ಟರು, ತಮಗೇ ಹೇಳಿಕೊಳ್ಳುವ ಹಾಗೆ. "ಅದಕ್ಕೆ ಎರಡೂ ಕಡೆ ಬಿಚ್ಚಬೇಕು. ಸರಿ, ಹೊಸ ಪಿನ್ನು ಎಲ್ಲಿಂದ ತಂದಿರಿ?"

ಬಣ್ಣದವರು ಅರ್ಥವಾಗದವರಂತೆ ನೋಡಿದರು.

"ಪಿನ್ನೆಲ್ಲಿ ಸಾರ್? ಹಳೇದು ಬಿಚ್ಚೋವಾಗ ಮುರಿದುಹೋಯಿತು, ನನ್ನ ಹತ್ತಿರ ಬೇರೆ ಪಿನ್ನೇ ಇರಲಿಲ್ಲ. ಒಂದು ತುಂಡು ತಾಮ್ರದ ತಂತಿ ತೂರಿಸಿ ಸುತ್ತಿಬಿಟ್ಟಿದ್ದೆ."

ನಾಲ್ಕು ಜನರೂ ಬಲಗಡೆಯ ಹಬ್ಬಿನ ಕಡೆ ನೋಡಿದರು. ಅಲ್ಲಿ ತಂತಿ ಇರಲಿಲ್ಲ. ಹೊಸ ಉಕ್ಕಿನ ಪಿನ್ನು ಬಿಸಿಲಿಗೆ ಮಿನುಗುತ್ತಿತ್ತು.

ಹಾಗಾದರೆ ಬಣ್ಣದವರ ನಂತರ ಇನ್ನೊಬ್ಬರು ಇಲ್ಲಿಗೆ ಬಂದಿದ್ದರು. ತಂತಿ ಕಿತ್ತು, ಎರಡೂ ಹಬ್ಬು ಬಿಚ್ಚಿ, ಅದಲು ಬದಲು ಹಾಕಿ, ಪಿನ್ನು ಬಗ್ಗಿಸಿ, ಬೀಗ ಹಾಕಿಕೊಂಡು ಹೋಗಿದ್ದರು. ಶೆಡ್ಡಿನ ಬೀಗ ಒಡೆದ ಗುರುತು ಎಲ್ಲೂ ಇಲ್ಲ.

"ಬಣ್ಣ ಮುಗಿದ ಮೇಲೆ ಈ ಬೀಗದ ಕೀಲಿ ಯಾರ ಯಾರ ಕೈಗೆ ಹೋಗಿತ್ತು?" ಎಂದರು ಇನ್‌ಸ್ಪೆಕ್ಟರು.

ಗುಮಾಸ್ತ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಬಾಯಿ ತೆರೆದವರು ಹಾಗೇ ನಿಂತರು. ಯಾವುದೋ ಒಂದು ಮುಖ ನೆನಪಿಗೆ ಬಂದು, ಅದನ್ನು ನಂಬಲಾರದೆ ದೂಡುತ್ತಿರುವ ಹಾಗಿತ್ತು ಅವರ ನೋಟ.

"ತಾಯಿ?"

ಬೀದಿಯ ಕೊನೆಯಲ್ಲಿ ಠಾಣೆಯ ಜೀಪಿನ ಸದ್ದು ಕೇಳಿತು.

ಬಣ್ಣದವರು ಅಂಗಿಯ ಒಳಜೇಬಿಗೆ ಕೈಹಾಕಿ, ಮಡಚಿ ಮಡಚಿ ಮೆತ್ತಗಾಗಿದ್ದ ಒಂದು ಕಾಗದದ ಪೊಟ್ಟಣ ತೆಗೆದರು. ಬಿಡಿಸಿದರು. ಒಳಗೆ ಮುರಿದ ಒಂದು ಹಳೇ ಪಿನ್ನು. ಕಾಲು ಗಿಡ್ಡಕ್ಕೆ ಕತ್ತರಿಸಿ ತುದಿ ಉಜ್ಜಿದ್ದು.

"ಬಿಚ್ಚಿದ್ದು ಏನೇ ಇರಲಿ, ಮುರಿದದ್ದೇ ಆಗಲಿ, ಗಾಡಿ ಯಜಮಾನನ ಕೈಗೆ ವಾಪಸು ಕೊಡಬೇಕು ಅನ್ನೋರು ಮೇಸ್ತ್ರಿಗಳು," ಎಂದರು.

ಅದನ್ನು ಅವರು ಮೇಸ್ತ್ರಿಯ ಹೆಂಡತಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.